ಹನ್ನೊಂದು ಕುದುರೆ, ಹತ್ತಾರು ಅಂಗಡಿ

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಯಾವ ಅಂಗಡಿಯ ಕೌಂಟರಿನ ಮುಂದೆ ಬೇಕಾದರೂ ನಿಂತು ‘ಆರ್‌ಎಕ್ಸ್ ಹಂಡ್ರೆಡ್‌ಗೆ ಪಿಸ್ಟನ್ ಕಿಟ್ ಕೊಡಿ’ ಅನ್ನಿ. ಎರಡು ಪ್ರಶ್ನೆ ಬರುತ್ತವೆ. ಸ್ಟ್ಯಾಂಡರ್ಡೋ, ಟ್ವೆಂಟಿಫೈವೋ, ಫಿಫ್ಟಿಯೋ ಎನ್ನುವುದು ಮೊದಲನೆಯದು. ಎಷ್ಟು ರೇಟಿನದು ಎನ್ನುವುದು ಎರಡನೆಯದು. ಮೂರನೆಯ ಪ್ರಶ್ನೆ ಇಲ್ಲ. ಬ್ಲಾಕಿನ ಪೋರ್ಟನ್ನು ಯಾರಾದರೂ ಕೆರೆದಿದ್ದಾರಾ, ಕಾರ್ಬ್ಯುರೇಟರ್ ಯಾವುದು, ಸೈಲೆನ್ಸರ್ ಕಂಪನಿಯದೋ ಚೇಂಬರೋ, ಗಾಡಿ ಆಫೀಸಿಗೆ ಹೋಗುವುದೋ ಡರ್ಟ್ ಟ್ರ್ಯಾಕಿಗೆ ಇಳಿಯುವುದೋ, ಇದ್ಯಾವುದೂ ಯಾರಿಗೂ ಬೇಡ. ಡಬ್ಬಿ ಕೌಂಟರಿನ ಮೇಲೆ ಬಂತು, ‘ಹಾಕಿ ಸಾರ್, ಫಿಟ್ ಆಗುತ್ತೆ’ ಅಂದರು, ಮುಗೀತು.

ಫಿಟ್ ಆಗುತ್ತದೆ, ಸುಳ್ಳಲ್ಲ. ನನ್ನ ತಕರಾರು ಶುರುವಾಗುವುದೇ ಫಿಟ್ ಆದ ಮೇಲೆ.

ಕೈಯಲ್ಲಿರುವ ಸ್ವಲ್ಪ ದುಡ್ಡಿನಲ್ಲಿ ಹಳೆಯ ಟೂ ಸ್ಟ್ರೋಕ್ ಎಂಜಿನ್ನಿಗೆ ಇನ್ನೊಂದಿಷ್ಟು ಜೋರು ತುಂಬಿಸಲು ಹೊರಟವರೆಲ್ಲ ಡೂಪ್ಲಿಕೇಟ್ ಮಾಲಿಗೆ ಶಾಪ ಹಾಕುತ್ತಾರೆ. ಹಾಕಲಿ, ತಪ್ಪಿಲ್ಲ, ಡೂಪ್ಲಿಕೇಟು ಧಾರಾಳವಾಗಿದೆ. ಆದರೆ ಅಪ್ಪಟ ಒರಿಜಿನಲ್ಲೇ ಸಿಕ್ಕಿದರೂ ಕಥೆ ಬಹಳ ಬದಲಾಗುವುದಿಲ್ಲ ಎನ್ನುವುದು ಇಷ್ಟು ವರ್ಷ ಗ್ರೀಸಿನಲ್ಲಿ ಕೈ ಅದ್ದಿದ ನನ್ನ ಅಭಿಪ್ರಾಯ. ನಮ್ಮ ಮಾರುಕಟ್ಟೆಯಲ್ಲಿ ಪಾರ್ಟು ಮಾರುತ್ತಾರೆ. ಆ ಪಾರ್ಟಿನ ಹಿಂದಿನ ಲೆಕ್ಕವನ್ನು ಯಾರೂ ಕೊಡುವುದಿಲ್ಲ. ಎಂಜಿನ್ ಕೇಳುವುದು ಲೆಕ್ಕವನ್ನೇ.

ಆರ್‌ಎಕ್ಸ್ 100ನ್ನೇ ಹಿಡಿದು ಮಾತಾಡೋಣ. ಕರ್ನಾಟಕದಲ್ಲಿ ಈ ಹುಚ್ಚು ಹತ್ತಿದವರಲ್ಲಿ ಬಹುಪಾಲು ಜನ ಶುರು ಮಾಡಿದ್ದು ಅದರಿಂದಲೇ. ಮೈಸೂರಿನ ಯೆಜ್ಡಿಯವರದು ಬೇರೆಯದೇ ಪಂಥ. ಅವರಿಗೆ ಗಾಡಿ ಕಾರ್ಖಾನೆಯಿಂದ ಹೊರಬಿದ್ದ ಹಾಗೆಯೇ ಇರಬೇಕು, ಓಡಿಸುವುದಕ್ಕಿಂತ ಉಳಿಸುವ ಆಸೆ ಹೆಚ್ಚು. ಆರ್‌ಎಕ್ಸ್ ಕೊಂಡವನಿಗೆ ಮಾತ್ರ ಮೊದಲ ವಾರದಿಂದಲೇ ‘ಇನ್ನೂ ಏನಾದರೂ ಮಾಡಿಸಬೇಕಲ್ಲ’ ಎಂದು ಕೈ ತುರಿಸುತ್ತದೆ. ಎಸ್ಕಾರ್ಟ್ಸ್ ಸಂಸ್ಥೆ 1985ರಲ್ಲಿ ಜಪಾನಿನಿಂದ ಬಂದ ಬಿಡಿಭಾಗಗಳನ್ನು ಜೋಡಿಸಿ ಶುರು ಮಾಡಿದ ಈ ಗಾಡಿ 1996ಕ್ಕೆ ನಿಂತಿತು. ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ., ಎರಡೂ ಸೇರಿ 98 ಸಿಸಿ. 7500 ಆರ್‌ಪಿಎಂನಲ್ಲಿ 11 ಹಾರ್ಸ್ ಪವರ್. ತೂಕ ನೂರು ಕೆ.ಜಿ.ಯ ಆಸುಪಾಸು. ಈ ಕೊನೆಯ ಅಂಕಿಯೇ ಎಲ್ಲ ಚೇಷ್ಟೆಗೂ ಮೂಲ: ಇಷ್ಟು ಹಗುರದ ಗಾಡಿಯಲ್ಲಿ ಇನ್ನೊಂದು ಕುದುರೆ ಸೇರಿದರೂ ಮೊಣಕೈಗೆ ಗೊತ್ತಾಗುತ್ತದೆ.

ನಿಂತು ಮೂರು ದಶಕವಾಗುತ್ತ ಬಂದ ಗಾಡಿಗೆ ಇಂದಿಗೂ ಹೊಸ ಪಾರ್ಟು ಸಿಗುತ್ತದೆ ಎಂದು ಹಲವರು ಹಿಗ್ಗುತ್ತಾರೆ. ಅದು ಎಲ್ಲಿಂದ ಬರುತ್ತದೆ ಎಂದು ಕೇಳುವವರು ಕಡಿಮೆ. ಕಂಪನಿಯ ಡ್ರಾಯಿಂಗ್ ಹೊರಗಿನವರ ಕೈಗೆ ಸಿಗುವಂಥದ್ದಲ್ಲ. ಆದ್ದರಿಂದ ಸಣ್ಣ ತಯಾರಕ ಮಾಡುವುದು ಇಷ್ಟು: ಒಂದು ಹಳೆಯ ಪಾರ್ಟು ತಂದು, ಅಳೆದು, ಅಚ್ಚು ತೆಗೆಯುತ್ತಾನೆ. ತಂದ ಸ್ಯಾಂಪಲ್ಲು ಓಡಿ ಸವೆದದ್ದಾಗಿದ್ದರೆ ಸವೆತವೂ ಅಚ್ಚಿಗೆ ಇಳಿಯುತ್ತದೆ. ಮುಂದೆ ಇನ್ನೊಬ್ಬ ಈ ನಕಲನ್ನೇ ಸ್ಯಾಂಪಲ್ ಮಾಡಿಕೊಳ್ಳುತ್ತಾನೆ. ನಾಲ್ಕನೆಯ ಕೈಗೆ ಬರುವ ಹೊತ್ತಿಗೆ ಆ ಬ್ಲಾಕಿನಲ್ಲಿ ಟ್ರಾನ್ಸ್‌ಫರ್ ಪೋರ್ಟಿನ ಕೋನ ಎಲ್ಲಿಗೆ ತಿರುಗಿರುತ್ತದೋ ದೇವರಿಗೇ ಗೊತ್ತು. ಮೋಸ ಮಾಡುವ ಉದ್ದೇಶ ಇವರಲ್ಲಿ ಎಲ್ಲರಿಗೂ ಇರುವುದಿಲ್ಲ. ಬೆಳಗಾವಿಯಲ್ಲೋ ಕೊಲ್ಹಾಪುರದಲ್ಲೋ ಕೊಯಮತ್ತೂರಿನಲ್ಲೋ ಅತ್ಯುತ್ತಮ ಎರಕ ಮಾಡಬಲ್ಲ ಫೌಂಡ್ರಿಗಳು ಬೇಕಾದಷ್ಟಿವೆ. ಅವರ ಮುಂದೆ ಸರಿಯಾದ ಡ್ರಾಯಿಂಗ್ ಇಡುವವರಿಲ್ಲ, ಅಷ್ಟೇ. ಇಟ್ಟರೂ, ಈ ಚಿಲ್ಲರೆ ಸಂಖ್ಯೆಗೆ ಹೊಸ ಡೈ ಮಾಡಿಸಿದರೆ ಅದರ ಖರ್ಚು ಒಂದೊಂದು ಪೀಸಿನ ಮೇಲೆ ಎಷ್ಟು ಕೂರುತ್ತದೆ ಎಂದು ಯೋಚಿಸಿ.

ಒಂದು ಪಿಸ್ಟನ್ನನ್ನೇ ಕೈಗೆ ತೆಗೆದುಕೊಳ್ಳಿ. ಡಬ್ಬಿಯಿಂದ ಬಿಚ್ಚಿದಾಗ ಬೆಳ್ಳಿಯಂತೆ ಹೊಳೆಯುತ್ತದೆ, ನೆತ್ತಿಯ ಮೇಲೆ ಬಾಣದ ಗುರುತು, ಬಾಣ ಎಕ್ಸಾಸ್ಟ್ ಕಡೆಗೆ. ಚೆಂದವನ್ನು ಬಿಟ್ಟು ರಿಂಗಿನ ಕಾಡಿಯೊಳಗೆ ಉಗುರು ಆಡಿಸಿ. ಅಲ್ಲಿ ಗುಂಡುಸೂಜಿಯ ತಲೆಗಿಂತ ಸಣ್ಣ ಒಂದು ಪಿನ್ನು ತಗಲುತ್ತದೆ. ಟೂ ಸ್ಟ್ರೋಕ್‌ನಲ್ಲಿ ರಿಂಗು ತಿರುಗಬಾರದು. ತಿರುಗಿದರೆ ಅದರ ತೆರೆದ ತುದಿ ಯಾವುದಾದರೊಂದು ಪೋರ್ಟಿನ ಕಿಟಕಿಗೆ ಸಿಕ್ಕಿ ಮುರಿಯುತ್ತದೆ. ಅದಕ್ಕೇ ಈ ಪಿನ್ನು. ನಕಲಿನಲ್ಲಿ ಪಿನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂತಿದ್ದರೆ ಕಂಪನಿಯ ಬ್ಲಾಕಿನಲ್ಲಿ ಬಚಾವಾಗಬಹುದು. ಪೋರ್ಟನ್ನು ಅಗಲ ಮಾಡಿಸಿದ ಬ್ಲಾಕಿನಲ್ಲಿ ಆ ಒಂದೆರಡು ಮಿಲಿಮೀಟರೇ ಸಾವು. ಇನ್ನು ಅದರ ಲೋಹ: ಅಲ್ಯೂಮಿನಿಯಂ ಜೊತೆ ಸಿಲಿಕಾನ್ ಎಷ್ಟು ಬೆರೆತಿದೆ ಎನ್ನುವುದರ ಮೇಲೆ ಬಿಸಿಗೆ ಅದು ಎಷ್ಟು ಹಿಗ್ಗುತ್ತದೆ ಎನ್ನುವುದು ನಿಂತಿದೆ. ಸಿಲಿಕಾನ್ ಕಡಿಮೆ, ಹಿಗ್ಗು ಜಾಸ್ತಿ. ಗಾಳಿಯಲ್ಲೇ ತಣಿಯುವ ಇಂಥ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಬೋರಿಗೂ ನಡುವೆ ಇರುವುದು 0.04 ಮಿ.ಮೀ. ಆಸುಪಾಸಿನ ಸಂದು. ಕಂಪನಿ ಪಿಸ್ಟನ್ನಿಗೆಂದು ಇಟ್ಟ ಆ ಸಂದನ್ನೇ ಹೆಚ್ಚು ಹಿಗ್ಗುವ ಪಿಸ್ಟನ್ನಿಗೂ ಇಟ್ಟರೆ ತುಮಕೂರು ರಸ್ತೆಯ ಯಾವುದೋ ಫ್ಲೈಓವರಿನ ಮೇಲೆ ಹಿಂದಿನ ಚಕ್ರ ಕಿರ್ ಎಂದು ಬಿಗಿದುಕೊಳ್ಳುತ್ತದೆ. ಫೋರ್ಜ್ಡ್ ಪಿಸ್ಟನ್ ಹಾಕಿಸುವ ಶೋಕಿಯವರಿಗೂ ಇದೇ ಮಾತು: ಅದು ಗಟ್ಟಿ, ನಿಜ, ಆದರೆ ಎರಕದ್ದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಹೆಚ್ಚು ಸಂದು ಕೇಳುತ್ತದೆ. ಎಷ್ಟು ಹೆಚ್ಚು? ವಿದೇಶಿ ತಯಾರಕರು ಡಬ್ಬಿಯ ಒಳಗೆ ಒಂದು ಚೀಟಿಯಲ್ಲಿ ಬರೆದಿಡುತ್ತಾರೆ. ನಮ್ಮ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರುತ್ತದೆ.

ಬೋರ್ ಹೊಡೆಸಿದರೆ ಪಿಕಪ್ ಜಾಸ್ತಿಯಾಗುತ್ತದೆ ಎನ್ನುವ ಮಾತೊಂದು ಗ್ಯಾರೇಜುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಲೆಕ್ಕ ಹಾಕಿ ನೋಡಿ: 50 ಮಿ.ಮೀ. ಬೋರನ್ನು 50.5ಕ್ಕೆ ಏರಿಸಿದರೆ 98 ಸಿಸಿ 100 ಸಿಸಿ ಆಗುತ್ತದೆ. ಎರಡು ಪರ್ಸೆಂಟು! ಬೋರ್ ಹೊಡೆಸಿದ ಗಾಡಿ ಚುರುಕಾಯಿತೆಂದು ಅನ್ನಿಸುವುದು ಸವೆದ ಬೋರು ಸರಿಯಾಗಿದ್ದರಿಂದಲೇ ಹೊರತು ದೊಡ್ಡದಾಗಿದ್ದರಿಂದ ಅಲ್ಲ. ನಿಜವಾಗಿ ದೊಡ್ಡದು ಮಾಡಬೇಕೆನ್ನುವವರು ಆರ್‌ಎಕ್ಸ್ 135ರ ಬ್ಲಾಕು ಹುಡುಕುತ್ತಾರೆ. ಅದರ ಸ್ಟ್ರೋಕೂ 50 ಮಿ.ಮೀ.ಯೇ, ಬೋರು ಮಾತ್ರ 58. ಹೀಗೆ 132 ಸಿಸಿ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ದೊಡ್ಡ ಪಿಸ್ಟನ್ ಎಂದರೆ ತೂಕದ ಪಿಸ್ಟನ್, ಚಿಕ್ಕ ಪಿಸ್ಟನ್ನಿಗೆಂದು ಸಮತೂಕ ಮಾಡಿದ ಕ್ರ್ಯಾಂಕು ಅದನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಹ್ಯಾಂಡಲ್ಲಿನಲ್ಲಿ ಕೈ ಜೋಮು ಹಿಡಿಯುತ್ತದೆ, ಬೇರಿಂಗಿನ ಆಯಸ್ಸು ಇಳಿಯುತ್ತದೆ. ಆರ್‌ಸಿಯಲ್ಲಿ 98 ಎಂದು ಬರೆದಿರುವ ಗಾಡಿಯಲ್ಲಿ 132 ಕೂರಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಸುಮ್ಮನಿರುವುದಿಲ್ಲ ಎನ್ನುವುದು ಬೇರೆ ಮಾತು.

ಕಾರ್ಬ್ಯುರೇಟರಿನ ಪಾಡು ಇನ್ನೂ ಮೋಜಿನದು. ಆರ್‌ಎಕ್ಸ್ 100ಕ್ಕೆ ಕಂಪನಿ ಕೊಟ್ಟದ್ದು 20 ಮಿ.ಮೀ. ಮಿಕುನಿ. ಮಾರುಕಟ್ಟೆಯಲ್ಲಿ ಬೇಡಿಕೆ ಇರುವುದು 28 ಮಿ.ಮೀ.ಯ ‘ಕೇಹಿನ್’ಗೆ. ಉದ್ಧರಣ ಚಿಹ್ನೆ ಬೇಕೆಂದೇ ಹಾಕಿದ್ದೇನೆ; ಕೇಹಿನ್ ಕಂಪನಿಯ ಗೋಡೌನನ್ನು ಕಣ್ಣಲ್ಲೂ ಕಾಣದ ಕೇಹಿನ್‌ಗಳೇ ಆನ್‌ಲೈನಿನಲ್ಲಿ ಹೆಚ್ಚು. ಅಸಲಿಯೇ ಸಿಕ್ಕಿತೆಂದುಕೊಳ್ಳೋಣ. 20ರಿಂದ 28ಕ್ಕೆ ಹೋದರೆ ಬಾಯಿಯ ವಿಸ್ತೀರ್ಣ ಹತ್ತಿರ ಹತ್ತಿರ ದುಪ್ಪಟ್ಟಾಗುತ್ತದೆ. ಅದೇ ಎಂಜಿನ್ ಅದೇ ವೇಗದಲ್ಲಿ ಎಳೆಯುವ ಗಾಳಿ ದುಪ್ಪಟ್ಟಾಗುವುದಿಲ್ಲ. ಹಾಗಾಗಿ ಕಾರ್ಬ್ಯುರೇಟರಿನೊಳಗೆ ಗಾಳಿಯ ವೇಗ ಅರ್ಧಕ್ಕೆ ಇಳಿಯುತ್ತದೆ, ಜೆಟ್ಟಿನಿಂದ ಪೆಟ್ರೋಲನ್ನು ಮೇಲೆತ್ತುವ ಶಕ್ತಿಯೂ ಇಳಿಯುತ್ತದೆ. ಪರಿಣಾಮ ಕಾರ್ಪೊರೇಷನ್ ಸರ್ಕಲ್ಲಿನಲ್ಲಿ ಕಾಣುತ್ತದೆ: ಸಿಗ್ನಲ್ ಬಿಟ್ಟ ಮೇಲೆ ಆರ್‌ಎಕ್ಸ್ ಒಂದು ಕ್ಷಣ ಬಿಕ್ಕಿ, ಹಿಂದಿನ ಬಿಎಂಟಿಸಿ ಬಸ್ಸಿನಿಂದ ಹಾರ್ನ್ ಹೊಡೆಸಿಕೊಂಡು, ಆಮೇಲೆ ಎದ್ದು ಓಡುತ್ತದೆ. ಸವಾರನಿಗೆ ಆ ‘ಆಮೇಲೆ’ ಮಾತ್ರ ನೆನಪಿರುತ್ತದೆ.

ಜೆಟ್ಟುಗಳ ಬಗ್ಗೆ ನನಗೆ ವೈಯಕ್ತಿಕ ಸಿಟ್ಟಿದೆ. ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಹಿತ್ತಾಳೆಯ ಜೆಟ್ಟಿನ ಮೇಲೆ ಕೆತ್ತಿದ ನಂಬರು ಅದರ ತೂತಿಗೆ ಸಂಬಂಧವೇ ಇಲ್ಲದಂತೆ ಇರುವುದನ್ನು ಕಂಡಿದ್ದೇನೆ. ಒಂದು ಅಂಗಡಿಯಿಂದ ತಂದ ಸೆಟ್ಟಿನಲ್ಲಿ ದೊಡ್ಡ ನಂಬರಿನ ಜೆಟ್ಟಿನ ತೂತಿಗೆ ಹೋಗದ ಅಳತೆಯ ಪಿನ್ನು ಅದಕ್ಕಿಂತ ಚಿಕ್ಕ ನಂಬರಿನದರೊಳಗೆ ಸಲೀಸಾಗಿ ಇಳಿಯಿತು. ಟ್ಯೂನಿಂಗ್ ಎಂದರೆ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಎಂದು ಪ್ಲಗ್ ಬಿಚ್ಚಿ ಬಣ್ಣ ನೋಡುತ್ತ ಹೋಗುವ ಕೆಲಸ. ಮೆಟ್ಟಿಲುಗಳೇ ಅದಲುಬದಲಾಗಿದ್ದರೆ? ವಾಪಸು ಕೊಡಲು ಹೋದರೆ ‘ಪೆಟ್ರೋಲ್ ಸೋಕಿದೆ ಸಾರ್, ತಗೊಳ್ಳಲ್ಲ.’

ಪ್ಲಗ್ ಅಂದಾಗ ನೆನಪಾಯಿತು. ಆಡುಗೋಡಿಯ ಮೈಕೋ ಹೆಸರು ಕೇಳಿಕೊಂಡೇ ಬೆಳೆದ ಬೆಂಗಳೂರಿಗರಿಗೆ ಬಾಷ್ ಪ್ಲಗ್ ಮನೆಯದು, ಎನ್‌ಜಿಕೆ ಹೊರಗಿನದು. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಂಪು. ಬಾಷ್‌ನಲ್ಲಿ ತದ್ವಿರುದ್ಧ, ಅಂಕಿ ಏರಿದಷ್ಟೂ ಬಿಸಿ. ‘ಎಂಟು ನಂಬರ್ ಇಲ್ಲ, ಬೇರೆ ಕಂಪನಿದು ಎಂಟು ಇದೆ’ ಎಂದು ಕೊಡುವ ಪುಣ್ಯಾತ್ಮರಿದ್ದಾರೆ. ಹೆಡ್ ಕಟಿಂಗ್ ಮಾಡಿಸಿ ಕಂಪ್ರೆಷನ್ ಏರಿಸಿದ ಎಂಜಿನ್ನಿಗೆ ಅಷ್ಟು ಬಿಸಿ ಪ್ಲಗ್ ಹಾಕಿ ಹೈವೇಗೆ ಬಿಟ್ಟರೆ ಪಿಸ್ಟನ್ನಿನ ನೆತ್ತಿಯಲ್ಲಿ ರೂಪಾಯಿಯಗಲದ ತೂತು ಬೀಳಲು ಹೆಚ್ಚು ದೂರ ಹೋಗಬೇಕಿಲ್ಲ.

ಈ ಎಲ್ಲಕ್ಕಿಂತ ನನ್ನನ್ನು ಕೆಣಕುವುದು ಚೇಂಬರ್ ಸೈಲೆನ್ಸರ್. ಅಂಗಡಿಯ ಸೂರಿನಿಂದ ಬಾಳೆಗೊನೆಗಳಂತೆ ನೇತಾಡುವ, ನೀಲಿ ಬಣ್ಣಕ್ಕೆ ಸುಟ್ಟ, ಕ್ರೋಮ್ ಹೊಡೆದ, ವೆಲ್ಡಿಂಗಿನ ಗೆರೆ ಎದ್ದು ಕಾಣುವ ಆ ಹೊಟ್ಟೆ ಡುಬ್ಬದ ಪೈಪುಗಳು ನೋಡಲು ಚೆಂದ. ಒಂದಕ್ಕಾದರೂ ಇದು ಯಾವ ಆರ್‌ಪಿಎಂಗೆ ಎಂಬ ಚೀಟಿ ಇದೆಯೇ ನೋಡಿ. ಇಲ್ಲ.

ಚೇಂಬರ್ ಮಾಡುವ ಕೆಲಸ ಇಷ್ಟು. ಪಿಸ್ಟನ್ ಕೆಳಗಿಳಿಯುತ್ತ ಎಕ್ಸಾಸ್ಟ್ ಪೋರ್ಟು ತೆರೆದ ಕೂಡಲೆ ಒತ್ತಡದ ಅಲೆಯೊಂದು ಪೈಪಿನೊಳಗೆ ಓಡುತ್ತದೆ. ಅಗಲವಾಗುತ್ತ ಹೋಗುವ ಕೋನಿನಿಂದ ಅದು ಎಳೆಯುವ ಅಲೆಯಾಗಿ ಹಿಂದಿರುಗಿ ಸುಟ್ಟ ಹೊಗೆಯನ್ನು ಹೊರಗೆಳೆಯುತ್ತದೆ. ಅದರ ಬೆನ್ನಿಗೇ ಒಂದಿಷ್ಟು ಹಸಿ ಮಿಶ್ರಣವೂ ಪೈಪಿಗೆ ಜಾರುತ್ತದೆ. ಮುಂದೆ ಕಿರಿದಾಗುವ ಕೋನಿಗೆ ಬಡಿದ ಅಲೆ ತಳ್ಳುವ ಅಲೆಯಾಗಿ ಬಂದು, ಪೋರ್ಟು ಮುಚ್ಚುವ ಮುಂಚೆಯೇ ಆ ಹಸಿ ಮಿಶ್ರಣವನ್ನು ಸಿಲಿಂಡರಿನೊಳಕ್ಕೆ ವಾಪಸು ನೂಕುತ್ತದೆ. ಸರಿಯಾದ ಹೊತ್ತಿಗೆ ಬಂದರೆ ಪುಕ್ಕಟೆ ಸೂಪರ್‌ಚಾರ್ಜರ್. ಬೇಗ ಬಂದರೆ ಅಥವಾ ತಡವಾದರೆ ಇರುವ ಪವರಿಗೂ ಸಂಚಕಾರ.

ಆ ಹೊತ್ತನ್ನು ಪೈಪಿನ ಉದ್ದ ನಿರ್ಧರಿಸುತ್ತದೆ. ಗಾರ್ಡನ್ ಜೆನ್ನಿಂಗ್ಸ್ 1973ರಲ್ಲಿ ಬರೆದ ಟೂ ಸ್ಟ್ರೋಕ್ ಟ್ಯೂನಿಂಗಿನ ಕೈಪಿಡಿಯಲ್ಲಿ ಬಿಸಿ ಹೊಗೆಯೊಳಗೆ ಅಲೆಯ ವೇಗವನ್ನು ಸೆಕೆಂಡಿಗೆ 1700 ಅಡಿ, ಎಂದರೆ 518 ಮೀಟರ್ ಎಂದು ಹಿಡಿಯುತ್ತಾನೆ. ಪೋರ್ಟು 180 ಡಿಗ್ರಿ ತೆರೆದಿರುವ ಎಂಜಿನ್ನಿಗೆ ಈ ಲೆಕ್ಕದಲ್ಲಿ 9000 ಆರ್‌ಪಿಎಂಗೆ ಬೇಕಾದ ಉದ್ದ 86 ಸೆಂ.ಮೀ. ಅದೇ ಎಂಜಿನ್ ಕಂಪನಿ ಹೇಳಿದ 7500ರಲ್ಲೇ ಜೋರು ಕೊಡಲಿ ಎಂದರೆ 104 ಸೆಂ.ಮೀ. ಹದಿನೆಂಟು ಸೆಂಟಿಮೀಟರಿನ ವ್ಯತ್ಯಾಸ! ಈಗ ಪೋರ್ಟಿಂಗ್ ಮಾಡುವವನು ಎಕ್ಸಾಸ್ಟ್ ಪೋರ್ಟನ್ನು ಒಂದೇ ಒಂದು ಮಿಲಿಮೀಟರ್ ಮೇಲಕ್ಕೆ ಕೆರೆದ ಅಂದುಕೊಳ್ಳಿ. ತೆರೆದಿರುವ ಅವಧಿ ಸುಮಾರು ಐದು ಡಿಗ್ರಿ ಹೆಚ್ಚುತ್ತದೆ, ಪೈಪು ಎರಡೂವರೆ ಸೆಂಟಿಮೀಟರಿನಷ್ಟು ಉದ್ದ ಕೇಳುತ್ತದೆ. ಅಂಗಡಿಯವನಿಗೆ ನಿಮ್ಮ ಪೋರ್ಟು ಗೊತ್ತಿಲ್ಲ, ಪೋರ್ಟಿಂಗ್ ಮಾಡಿದವನಿಗೆ ಪೈಪು ಗೊತ್ತಿಲ್ಲ, ಪೈಪು ಮಡಿಸಿದವನಿಗೆ ಎರಡೂ ಗೊತ್ತಿಲ್ಲ. ಹೊರಬರುವುದು ಶಬ್ದ ಮಾತ್ರ. ಆ ಶಬ್ದಕ್ಕೆ ಪೊಲೀಸರು ರೋಡ್ ರೋಲರ್ ಹತ್ತಿಸಿದರೆ ನನಗೆ ಬೇಸರವೇನಿಲ್ಲ, ಪೈಪಿಗೆ ದುಡ್ಡು ಸುರಿದ ಹುಡುಗನ ಬಗ್ಗೆ ಮರುಕವಿದೆ.

ಒಂದು ಕಾಲದಲ್ಲಿ ಈ ಲೆಕ್ಕಕ್ಕೆ ಎಂಥ ಬೆಲೆ ಇತ್ತೆಂದರೆ! ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯಲ್ಲಿ 1950ರ ದಶಕದಲ್ಲಿ ಇದನ್ನು ಪಳಗಿಸಿದವನು ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್. ದುಡ್ಡಿಲ್ಲದ ರೇಸಿಂಗ್ ವಿಭಾಗ ಅದು. ಬಜೆಟ್ ಬಿಲ್ಡ್ ಎಂದರೆ ಅದೇ ನಿಜವಾದದ್ದು. 1961ರಲ್ಲಿ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ವಾಪಸು ಹೋಗಲಿಲ್ಲ, ಸುಜುಕಿ ಸೇರಿದ. ಮರುವರ್ಷ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಸುಜುಕಿ ಮೇಲೆ ಕೂತ ಡೆಗ್ನರ್‌ನದೇ ಆಯಿತು. ಎಂಝಡ್‌ನ ಗುಟ್ಟು ಅವನ ತಲೆಯಲ್ಲಿ ಜಪಾನಿಗೆ ಹೋಗಿತ್ತು.

ಇಟಲಿಯ ಮಾಲೋಸ್ಸಿ, ಪೊಲಿನಿಯಂಥವರು ಸ್ಕೂಟರುಗಳಿಗೆಂದು ಮಾರುವ ಕಿಟ್ ಒಮ್ಮೆ ಬಿಚ್ಚಿ ನೋಡಿದರೆ ನಮ್ಮ ಕೊರತೆ ಏನೆಂದು ತಿಳಿಯುತ್ತದೆ. ಸಿಲಿಂಡರ್, ಪಿಸ್ಟನ್, ರಿಂಗು, ಗ್ಯಾಸ್ಕೆಟ್ಟು ಒಂದೇ ಕಡೆ ಹುಟ್ಟಿದವು. ಇದರ ಜೊತೆ ಯಾವ ಪೈಪು, ಯಾವ ಜೆಟ್ಟು ಎಂದು ಅವರೇ ಹೇಳುತ್ತಾರೆ. ಇಂಡೊನೇಷ್ಯಾದಲ್ಲಿ ಆರ್‌ಎಕ್ಸ್ ಕಿಂಗ್ ಎಂಬ ನಮ್ಮ 135ರ ದಾಯಾದಿ 2000ದ ದಶಕದಲ್ಲೂ ಷೋರೂಮಿನಲ್ಲಿ ಇತ್ತಾದ್ದರಿಂದ ಅಲ್ಲಿ ಇಂಥ ಪಾರ್ಟಿನ ಸಂತೆಯೇ ಇದೆ. ಅದನ್ನು ತರಿಸಿಕೊಳ್ಳುವ ಸಾಹಸಿಗಳು ನಮ್ಮಲ್ಲೂ ಇದ್ದಾರೆ. ಪಾರ್ಟಿನ ಬೆಲೆ, ವಿಮಾನದ ಬಾಡಿಗೆ, ಸುಂಕ, ತೆರಿಗೆ, ಕೊರಿಯರಿನವನ ಕ್ಲಿಯರೆನ್ಸ್ ಶುಲ್ಕ ಎಲ್ಲ ಸೇರಿ ಬಂದು ನಿಲ್ಲುವ ಮೊತ್ತವನ್ನು ಹೆಂಡತಿಗೆ ಹೇಳುವ ಧೈರ್ಯ ಇದ್ದವರು ಮುಂದುವರಿಯಬಹುದು.

ಎಂಜಿನ್ ಜಾಮ್ ಆದ ದಿನ ನಡೆಯುವ ಪಂಚಾಯ್ತಿಯನ್ನು ಈ ಲೋಕದವರೆಲ್ಲ ಬಲ್ಲರು. ಅಂಗಡಿಯವನು ‘ಮೆಕ್ಯಾನಿಕ್ ಸರಿಯಾಗಿ ಕಟ್ಟಿಲ್ಲ’ ಅನ್ನುತ್ತಾನೆ. ಮೆಕ್ಯಾನಿಕ್ ‘ಲೇತಿನವನು ಟೈಟ್ ಬಿಟ್ಟಿದ್ದಾನೆ’ ಅನ್ನುತ್ತಾನೆ. ಲೇತಿನವನು ಮೈಕ್ರೋಮೀಟರ್ ತೋರಿಸಿ ‘ಪಿಸ್ಟನ್ ತಂದುಕೊಟ್ಟವರು ನೀವೇ ತಾನೆ’ ಎನ್ನುತ್ತಾನೆ. ಮೂವರಲ್ಲಿ ನನ್ನ ಒಲವು ಲೇತಿನವನ ಕಡೆಗೆ, ಯಾಕೆಂದರೆ ಅವನೊಬ್ಬನೇ ಏನನ್ನಾದರೂ ಅಳೆದಿರುತ್ತಾನೆ. ಪೀಣ್ಯದ ಕಡೆ ಈಗಲೂ ಅಂಥ ಹಳಬರಿದ್ದಾರೆ. ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡು ಬರದವನ ಬ್ಲಾಕನ್ನು ಮುಟ್ಟುವುದಿಲ್ಲ. ಬೋರ್ ಆದ ಮೇಲೆ ಪೋರ್ಟಿನ ಅಂಚುಗಳನ್ನು ಎಮರಿ ಕಲ್ಲಿನಿಂದ ಸವರದೆ ಬ್ಲಾಕು ಹಿಂದಿರುಗಿಸುವುದಿಲ್ಲ. ಆ ಅಂಚು ಚೂಪಾಗಿ ಉಳಿದರೆ ಎಷ್ಟೇ ಒಳ್ಳೆಯ ರಿಂಗಾದರೂ ಕಚ್ಚಿ ಮುರಿಯುತ್ತದೆ.

ಇಪ್ಪತ್ತು ಸಾವಿರ ಇಟ್ಟುಕೊಂಡು ‘ಏನು ತಗೊಳ್ಳಲಿ’ ಎಂದು ಕೇಳುವ ಓದುಗರಿಗೆ ನನ್ನ ಉತ್ತರ ಅಂಗಡಿಯವರಿಗೆ ಹಿಡಿಸುವುದಿಲ್ಲ. ಅರ್ಧದಷ್ಟನ್ನು ಕ್ರ್ಯಾಂಕಿಗೆ ಇಡಿ: ಒಳ್ಳೆಯ ರಾಡ್ ಕಿಟ್, ಸಿ3 ಗುರುತಿರುವ ಬೇರಿಂಗು, ಎರಡೂ ಬದಿಯ ಹೊಸ ಆಯಿಲ್ ಸೀಲು. ಸೀಲು ಸೋರಿದರೆ ಗಾಳಿ ಎಳೆದು ಮಿಶ್ರಣ ತೆಳುವಾಗುತ್ತದೆ, ಆಮೇಲೆ ಯಾವ ಜೆಟ್ಟು ಹಾಕಿದರೂ ವ್ಯರ್ಥ. ಉಳಿದದ್ದರಲ್ಲಿ ಪರಿಚಯದ ಲೇತಿನಲ್ಲಿ ಬೋರು, ಹೋನಿಂಗ್. ಹೆಡ್ ಮುಟ್ಟುವ ಮೊದಲು ಪ್ಲಗ್ ತೂತಿನೊಳಗೆ ಬೆಸುಗೆಯ ಸೀಸದ ತಂತಿ ಇಳಿಸಿ, ಸಿಲಿಂಡರಿನ ಗೋಡೆಗೆ ಮುಟ್ಟಿಸಿ ಕಿಕ್ಕರ್ ತಿರುಗಿಸಿ. ಚಪ್ಪಟೆಯಾದ ತುದಿಯನ್ನು ಅಳೆದರೆ ಪಿಸ್ಟನ್ನಿಗೂ ಹೆಡ್ಡಿಗೂ ಇರುವ ಸಂದು ಸಿಗುತ್ತದೆ. ಕಂಪನಿ ಸೈಲೆನ್ಸರು, ಕಂಪನಿ ಕಾರ್ಬ್ಯುರೇಟರು ಇರಲಿ. ಇಷ್ಟು ಅಚ್ಚುಕಟ್ಟಾಗಿ ಆದ ಆರ್‌ಎಕ್ಸ್ ತನ್ನ ಹನ್ನೊಂದೂ ಕುದುರೆಗಳನ್ನು ಕೊಡುತ್ತದೆ. ಇವತ್ತು ರಸ್ತೆಯಲ್ಲಿ ಶಿಳ್ಳೆ ಹಾಕಿಕೊಂಡು ಓಡಾಡುವ ‘ಫುಲ್ ರೇಸ್’ ಗಾಡಿಗಳಲ್ಲಿ ಎಷ್ಟರಲ್ಲಿ ಹನ್ನೊಂದು ಉಳಿದಿವೆಯೋ ನನಗೆ ಅನುಮಾನ.

ಒಂದು ವಿಷಯ ಮಾತ್ರ ಕಂಪನಿ ಲೆಕ್ಕದಿಂದ ಆಚೆ ಹೋಗಿದೆ, ಅದು ಪೆಟ್ರೋಲು. ಈಗ ಬಂಕಿನಲ್ಲಿ ಬರುವುದರಲ್ಲಿ ಐದರಲ್ಲೊಂದು ಪಾಲು ಎಥನಾಲ್. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಸುಡಲು 14.7 ಕೆ.ಜಿ. ಗಾಳಿ ಬೇಕು, ಎಥನಾಲಿಗೆ 9 ಸಾಕು. ಈ ಮಿಶ್ರಣಕ್ಕೆ ಹತ್ತಿರ ಹತ್ತಿರ 13.5. ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಎಂಜಿನ್ ತೆಳು ಮಿಶ್ರಣದಲ್ಲಿ ಓಡಿ ಬಿಸಿಯೇರುತ್ತದೆ. ಮೇನ್ ಜೆಟ್ಟನ್ನು ಒಂದು ಹೆಜ್ಜೆ ಮೇಲಕ್ಕೆ ಹಾಕಿ, ನೈಸ್ ರಸ್ತೆಯಂಥ ಕಡೆ ಟಾಪ್ ಗೇರಿನಲ್ಲಿ ಎಳೆದು, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಬಿಳಿಚಿಕೊಂಡಿದ್ದರೆ ಇನ್ನೊಂದು ಹೆಜ್ಜೆ. ಗೋಡಂಬಿ ಹುರಿದ ಬಣ್ಣ ಬಂದಿದ್ದರೆ ಅಲ್ಲಿಗೆ ನಿಲ್ಲಿಸಿ, ಜೆಟ್ಟಿನ ನಂಬರನ್ನು ಟೂಲ್ ಬಾಕ್ಸಿನ ಮುಚ್ಚಳದೊಳಗೆ ಮಾರ್ಕರಿನಲ್ಲಿ ಬರೆದಿಡಿ. ಅಂಗಡಿಯವನು ಮುಂದಿನ ಸಲ ಕೊಡುವ ಅದೇ ನಂಬರಿನ ಜೆಟ್ಟನ್ನು ಪಿನ್ನು ಹಾಕಿ ನೋಡದೆ ಕೂರಿಸಬೇಡಿ.